ಬಾಣಂತನದ ದಾಸ್ತಾನು

ಗುಗೈ, ಸೇಲಂ
12 ಸೆಪ್ಟೆಂಬರ್ 1939

ಅಪ್ಪಾ,

ನಿನ್ನ ರಾಜಾತಿ ಚೆನ್ನಾಗಿದ್ದಾಳೆ. ಹೊಟ್ಟೆಯೊಳಗಿನದೂ ಚೆನ್ನಾಗಿದೆ. ಬೆಳಗಾಗುವ ಹೊತ್ತಿಗೆ ಲಾಳಿಯ ಹಾಗೆ ಈ ಕಡೆಯಿಂದ ಆ ಕಡೆಗೆ ಓಡಲು ಶುರು ಮಾಡುತ್ತದೆ. ನೇಯುವವರ ಮನೆಯ ಕೂಸು ಅಂತ ಆರನೆಯ ತಿಂಗಳಿಗೇ ತೋರಿಸಿಕೊಳ್ಳುತ್ತಿದೆ.

ಯುದ್ಧದ ಸುದ್ದಿ ಅದಿಯಮಾನ್‌ಕೋಟೆಗೂ ಬಂದಿರಬೇಕು. ಯುದ್ಧ ಸಮುದ್ರದ ಆಚೆಯಂತೆ, ಆದರೆ ನೂಕುನುಗ್ಗಲೆಲ್ಲ ನಮ್ಮ ಬೀದಿಯ ಮೂಲೆಯ ಅಂಗಡಿಯಲ್ಲಿ. ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಉಪ್ಪು ಅಂತ ಜನ ಬುಟ್ಟಿ ಹೊತ್ತು ನಿಂತಿದ್ದಾರೆ. ಹೋದ ಯುದ್ಧದಲ್ಲಿ ಕಷ್ಟಪಟ್ಟ ಮುದುಕರು ಒಂದೊಂದು ಕಥೆ ಹೇಳಿ ಇನ್ನಷ್ಟು ಹೆದರಿಸುತ್ತಾರೆ. ನಮ್ಮ ಮಾವ ನೂಲಿಗೆ ಹಾಕುವ ಜರ್ಮನಿಯ ಬಣ್ಣ ಇನ್ನು ಬರುವುದಿಲ್ಲ ಅಂತ ಕೆಂಪು ಬಣ್ಣದ ಡಬ್ಬಿಗಳನ್ನು ತಂದು ಅಡುಗೆಮನೆಯ ಮಡಕೆಗಳ ಹಿಂದೆ ಬಚ್ಚಿಟ್ಟಿದ್ದಾರೆ. ಅತ್ತೆ ಅದನ್ನು ಸಾರಿಗೆ ಹಾಕುತ್ತೇನೆ ಅಂತ ದಿನಾ ಬೆದರಿಸುತ್ತಾರೆ.

ಅತ್ತೆ ಮಾತ್ರ ಅಂಗಡಿಯ ಕಡೆ ತಲೆ ಹಾಕಿಲ್ಲ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ವಾಪಸ್ಸು ತೆಗೆದು ಬೇರೆ ಮಡಕೆಗೆ ಹಾಕುವುದು ಅವರ ಪದ್ಧತಿ. ರಾಗಿಗೂ ಅಷ್ಟೆ, ಬೇಳೆಗೂ ಅಷ್ಟೆ. ಮದುವೆಯಾದ ಹೊಸತರಲ್ಲಿ ಇದೇನು ಜಿಪುಣತನ ಅಂದುಕೊಂಡಿದ್ದೆ. ಈಗ ನೋಡಿದರೆ ಊರೆಲ್ಲ ಬೆವರು ಸುರಿಸಿ ಮಾಡುತ್ತಿರುವುದನ್ನು ಅವರು ಸದ್ದಿಲ್ಲದೆ ಯಾವಾಗಲೋ ಮಾಡಿ ಮುಗಿಸಿದ್ದಾರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತ ನೀನು ಹೇಳುತ್ತಿದ್ದೆ, ಇವರು ಅದನ್ನು ಹೇಳದೆ ಮಾಡುತ್ತಾರೆ.

ಈಗ ಬರೆಯಬೇಕಾದ ಮಾತಿಗೆ ಬರುತ್ತೇನೆ. ನಿನ್ನೆ ಅತ್ತೆ ಬಾಣಂತನ ಇಲ್ಲೇ ಆಗಲಿ ಅಂದರು. ಸಿಟ್ಟಿನಿಂದ ಅಂದದ್ದಲ್ಲ, ನನ್ನ ತಲೆ ಬಾಚುತ್ತಾ ಅಂದರು. “ಎಣ್ಣು ದಿಕ್ಕಿಲ್ಲದ ಮನೆಗೆ ಬಸುರೀನ ಎಂಗ್ ಕಳ್ಸೋದು? ನಿಮ್ಮಪ್ಪ ಒಳ್ಳೇವ್ರೇ, ಇಲ್ಲ ಅನ್ನಲ್ಲ. ಆದ್ರೆ ಒಳ್ಳೇತನಾನ ಅಂಡೇಗೆ ಆಕಿ ಕಾಯ್ಸಿ ಬಾಣಂತಿಗೆ ಉಯ್ಯಕ್ಕಾಯ್ತದಾ?”

ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಅಪ್ಪಾ, ನಾನು ಅಲ್ಲಿಗೆ ಬರಬೇಕು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗದ ಹೆಣ್ಣು ಈ ಬೀದಿಯಲ್ಲಿ ಒಬ್ಬಳೂ ಇಲ್ಲ. ಬೀದಿಯ ಮಾತು ಹಾಗಿರಲಿ, ನನಗೇ ಬರಬೇಕು ಅನ್ನಿಸುತ್ತದೆ. ಅಮ್ಮ ಇಲ್ಲದಿದ್ದರೆ ತವರೂ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ನಿನ್ನ ಮಗ್ಗದ ಸದ್ದು ಗೋಡೆಯಾಚೆ ಕೇಳುತ್ತಿದ್ದರೆ ನನಗೆ ಧೈರ್ಯ. ನಿನ್ನ ಅಳಿಯ ರಾಜಗೋಪಾಲ್ ತಮ್ಮ ತಾಯಿಯನ್ನು ಹೇಗೋ ಸಮಾಧಾನ ಮಾಡಿ, ದೀಪಾವಳಿಯ ಹೊತ್ತಿಗೆ ತೀರ್ಮಾನ ಮಾಡೋಣ ಅನ್ನುವಷ್ಟಕ್ಕೆ ತಂದು ನಿಲ್ಲಿಸಿದ್ದಾರೆ.

ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ ಆದರೂ ಓದಲು ಬರುವುದು ನನಗೊಬ್ಬಳಿಗೆ. ನೀನು ಬರೆದದ್ದನ್ನು ಅತ್ತೆ ಎದುರಿಗೆ ಕೂತು ಗಟ್ಟಿಯಾಗಿ ಓದಿಸಿಕೊಳ್ಳುತ್ತಾರೆ. ನೋಡಿಕೊಂಡು ಬರೆ.

ನಿನ್ನ ಮಗಳು
ರಾಜಾತಿ


ಅದಿಯಮಾನ್‌ಕೋಟೆ
24 ಸೆಪ್ಟೆಂಬರ್ 1939

ಮಗಳೇ ರಾಜಾತಿ,

ಮೊದಲು ಗಟ್ಟಿಯಾಗಿ ಓದುವ ಭಾಗ. ಬೀಗತಿ ಚೆಲ್ಲಮ್ಮನವರಿಗೂ ಬೀಗರಿಗೂ ಅಳಿಯಂದಿರಿಗೂ ದಾಸಪ್ಪನ ನಮಸ್ಕಾರಗಳು. ಬೀಗತಿಯವರು ಅಂದದ್ದು ನ್ಯಾಯವಾದ ಮಾತು. ಚೊಚ್ಚಲು ಬಸುರಿಯ ವಿಷಯದಲ್ಲಿ ಅಂಥ ಮುಂದಾಲೋಚನೆ ಇರುವ ಅತ್ತೆ ಸಿಕ್ಕಿದ್ದು ನನ್ನ ಮಗಳ ಪುಣ್ಯ. ಇಲ್ಲಿಗೆ ಓದುವುದನ್ನು ನಿಲ್ಲಿಸಿ ಕೆಮ್ಮು ಬಂದ ಹಾಗೆ ಮಾಡು.

ಇನ್ನು ನಿನಗೆ. ಒಳ್ಳೆಯತನವನ್ನು ಹಂಡೆಗೆ ಹಾಕಿ ಕಾಯಿಸಲು ಬರುವುದಿಲ್ಲವೇ? ಬೇಡ. ಸೌದೆ ಹಾಕಿ ನೀರು ಕಾಯಿಸೋಣ. ನಿನ್ನ ಕಾಗದ ಓದಿದ ದಿನವೇ ಸೂಲಗಿತ್ತಿ ಮಾರಿಯಮ್ಮನ ಮನೆಗೆ ಹೋದೆ. ನೀನು ಹುಟ್ಟಿದಾಗ ನಿನ್ನನ್ನು ಹಿಡಿದ ಕೈ ಅದು. ಅವಳು ಹೇಳಿದ್ದು ಇಷ್ಟೆ: “ಎರಿಗೆ ನಾನ್ ಮಾಡ್ತೀನಿ ಅಣ್ಣಾ. ನೀರೂ ನಾನೇ ಉಯ್ತೀನಿ. ರಾತ್ರಿನೂ ಅಲ್ಲೇ ಮಲಿಕ್ಕಂತೀನಿ. ಮನೇಲಿ ಸಾಮಾನ್ ಇರ್ಬೇಕು. ಅಡೆಮಳೆ ಬುಡ್ದೆ ಇಡ್ಕೊಂಡಾಗ ಓಮ ಇಲ್ಲ ಬೆಳ್ಳುಳ್ಳಿ ಇಲ್ಲ ಅಂತ ನನ್ ಮೊಖ ನೋಡ್ಬ್ಯಾಡ.”

ಅಂದಿನಿಂದ ನಾನು ಸಾಮಾನಿನ ಹಿಂದೆ ಬಿದ್ದಿದ್ದೇನೆ. ಪಾಲಕೋಡಿನ ಸಂತೆಗೆ ಹೋಗಿ ಬೆಳ್ಳುಳ್ಳಿ, ಒಣಶುಂಠಿ, ಮೆಣಸು, ಓಮ ತಂದೆ. ಅಲ್ಲೂ ಯುದ್ಧದ ಭಯಕ್ಕೆ ಜನ ಮುಗಿಬಿದ್ದಿದ್ದರು. ನಾನು ಓಮವನ್ನು ಅಷ್ಟೊಂದು ಕಟ್ಟಿಸಿಕೊಂಡದ್ದು ನೋಡಿ ಒಬ್ಬಾತ, ಇದೇನು, ಯುದ್ಧದಲ್ಲಿ ಹೊಟ್ಟೆನೋವು ಜಾಸ್ತಿಯೇ ಅಂತ ಕೇಳಿದ. ಹರಳು ಕೊಟ್ಟು ಎಣ್ಣೆ ಆಡಿಸಿಕೊಂಡು ಬಂದೆ. ತಾಳೆಬೆಲ್ಲ ಗೋಣಿಯಲ್ಲಿ ಕಟ್ಟಿ ತೊಲೆಗೆ ನೇತುಹಾಕಿದ್ದೇನೆ, ಇರುವೆಗಳು ಇನ್ನೂ ದಾರಿ ಹುಡುಕುತ್ತಿವೆ. ಬಾಣಂತಿಗೆ ಹೊಸ ಅಕ್ಕಿ ಆಗದು, ಹೋದ ವರ್ಷದ್ದೇ ಬೇಕಂತೆ. ಒಕ್ಕಲಿಗರ ಪುಟ್ಟಪ್ಪ ತನ್ನ ಮನೆಯ ಹಳೆಯಕ್ಕಿ ಕೊಟ್ಟು, ಬದಲಿಗೆ ಮಗಳ ಮದುವೆಗೆ ಒಂದು ಜರಿ ಅಂಚಿನ ಪಂಚೆ ನೇಯಿಸಿಕೊಳ್ಳುತ್ತಾನೆ. ಬೆರಣಿ ತಟ್ಟಲು ನನಗೆ ಬರುವುದಿಲ್ಲ ಅಂದುಕೊಂಡಿದ್ದೆ. ಬರುತ್ತದೆ. ಗೋಡೆಯ ತುಂಬ ನನ್ನ ಅಂಗೈ ಅಚ್ಚು.

ಬಹಳ ಕಷ್ಟವಾದದ್ದು ಹಳೆಯ ಬಟ್ಟೆ. ಕೂಸಿಗೆ ಸುತ್ತಲು ಮೆತ್ತಗಿನ ಹಳೆಯ ಸೀರೆ ಬೇಕಲ್ಲ, ನಮ್ಮ ಮನೆಯಲ್ಲಿ ಮಗ್ಗದಿಂದ ಇಳಿದ ಗಂಜಿಯ ಗರಿಗರಿ ಬಟ್ಟೆ ಬಿಟ್ಟರೆ ಇನ್ನೇನಿದೆ? ಜೀವನವಿಡೀ ಹೊಸದು ನೇಯ್ದವನು ಕೊನೆಗೆ ಬೀದಿ ಬೀದಿಯಲ್ಲಿ ಹರಕು ಕೇಳಿಕೊಂಡು ತಿರುಗಿದೆ. ಯಾರೂ ಇಲ್ಲ ಅನ್ನಲಿಲ್ಲ. ಎಲ್ಲವನ್ನೂ ಕುದಿಸಿ, ಒಗೆದು, ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೇನೆ.

ಇನ್ನೊಂದು ಉಪಾಯ ಉಂಟು. ಪುಟ್ಟಪ್ಪನ ಹಿತ್ತಿಲಲ್ಲಿ ಹಗೇವು ಇದೆ. ನೆಲದೊಳಗೆ ಬಾವಿಯ ಹಾಗೆ ತೋಡಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಾನೂ ಒಂದು ತೋಡುತ್ತೇನೆ. ಹಿತ್ತಿಲಿಗೆ ಮಳೆ ಬೀಳುತ್ತದೆ, ಆದ್ದರಿಂದ ಮನೆಯೊಳಗೇ, ಮಗ್ಗದ ಪಕ್ಕದಲ್ಲಿ. ಅಲ್ಲಿ ನೆಲವೂ ಮೆತ್ತಗಿದೆ. ಕಾಲು ಇಳಿಬಿಟ್ಟು ನೇಯಲು ಮಗ್ಗಕ್ಕೆ ಗುಂಡಿ ತೋಡಿದವನಿಗೆ ಹಗೇವು ಏನು ಮಹಾ? ಯುದ್ಧ ಬರಲಿ, ಬರ ಬರಲಿ, ನಿನ್ನ ಕೂಸಿಗೆ ಹಲ್ಲು ಬರುವ ತನಕ ಈ ಮನೆ ಯಾರ ಅಂಗಡಿಯ ಮುಂದೆಯೂ ನಿಲ್ಲಬಾರದು.

ನೀನು ಬರುತ್ತೀ. ಅಷ್ಟು ತಿಳಿದುಕೋ.

ನಿನ್ನ ಅಪ್ಪ
ದಾಸಪ್ಪ


ಗುಗೈ, ಸೇಲಂ
9 ಅಕ್ಟೋಬರ್ 1939

ಅಪ್ಪಾ,

ನೀನು ಹೇಳಿದ ಕಡೆ ಕೆಮ್ಮಿದೆ. ಅತ್ತೆ ಎದ್ದು ಹೋಗಿ ಶುಂಠಿ ಕಷಾಯ ಕಾಯಿಸಿ ತಂದು, ಲೋಟ ಬರಿದಾಗುವ ತನಕ ಎದುರಿಗೇ ನಿಂತು ಕುಡಿಸಿದರು. ಆಮೇಲೆ ಕೂತು, “ಆಯ್ತಾ ಕೆಮ್ಮು? ಇನ್ನ ಓದು” ಅಂದರು. ಇನ್ನು ಮುಂದೆ ಕೆಮ್ಮಿನ ಉಪಾಯ ಬೇಡ.

ಹಾಗಾಗಿ ಮಿಕ್ಕಿದ್ದನ್ನೂ ಓದಿದೆ, ಹಂಡೆಯ ಮಾತೊಂದನ್ನು ಹಾರಿಸಿ. ನೀನು ಹರಕು ಬಟ್ಟೆಗೆ ತಿರುಗಿದ್ದು ಕೇಳಿ ಮಾವ ಚಪ್ಪಾಳೆ ತಟ್ಟಿ ನಕ್ಕರು. ಅತ್ತೆ ನಗಲಿಲ್ಲ. ಬೆರಣಿಯ ಸುದ್ದಿ ಬಂದಾಗ ಮಾತ್ರ ಅಯ್ಯೋ ಪಾಪ ಅನ್ನುವ ಹಾಗೆ “ಪಾವಂ” ಅಂದರು. ಹಗೇವಿನ ಸುದ್ದಿ ಬಂದಾಗ ಹುಬ್ಬು ಮೇಲೆ ಹೋಯಿತು. ಕೊನೆಗೆ, “ಗಂಡಸು ಅಂಗಡಿ ತುಂಬ್ಬೌದು. ಮನೆ ತುಂಬಕ್ಕಾಯ್ತದಾ? ನಾನೇ ಓಗಿ ಒಂದ್ ಕಣ್ ನೋಡ್ಕಂಡ್ ಬತ್ತೀನಿ” ಅಂದುಬಿಟ್ಟರು.

ಅದೇ ಈಗ ನನಗೆ ಹೆದರಿಕೆ. ಆಯುಧಪೂಜೆ ಮುಗಿದ ಮೇಲೆ, ದೀಪಾವಳಿಗೆ ಮೊದಲು ಬರುತ್ತಾರೆ. ನೋಡಿ ಬಂದು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ನಿನ್ನ ಅಳಿಯ ತಾಯಿಗೆ ಎದುರಾಡುವವರಲ್ಲ. ನಾನೂ ಅಲ್ಲ. ಅತ್ತೆ ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಬರಬಹುದಿತ್ತು. ರಾತ್ರಿ ನನ್ನ ಕಾಲು ಊದಿಕೊಂಡರೆ ಹರಳೆಣ್ಣೆ ಹಚ್ಚಿ ನೀವುವವರೂ ಅವರೇ. ಅಂಥವರ ಮೇಲೆ ಯಾವ ಬಾಯಲ್ಲಿ ಜಗಳ ತೆಗೆಯಲಿ?

ಮನೆ ಗುಡಿಸಿಡು. ಹೊಗೆ ಬರುವ ಒಲೆಯನ್ನು ಸರಿಮಾಡಿಸು. ಅತ್ತೆ ಮೊದಲು ನೋಡುವುದು ನೀರಿನ ಮಡಕೆ, ಆಮೇಲೆ ಮೂಲೆ. ಜೇಡ ಇರಬಾರದು.

ಇನ್ನೊಂದು ಎಚ್ಚರಿಕೆ. ನಿನ್ನ ಅಳಿಯ ನನ್ನಿಂದ ಕನ್ನಡ ಅಕ್ಷರ ಕಲಿಯಲು ಕೂತಿದ್ದಾರೆ. ಮರಳಿನ ಮೇಲೆ ತಿದ್ದುತ್ತಾರೆ. ‘ಅತ್ತೆ’ ಅನ್ನುವ ಪದವನ್ನು ಆಗಲೇ ಗುರುತು ಹಿಡಿಯುತ್ತಾರೆ.

ನಿನ್ನ
ರಾಜಾತಿ


ಅದಿಯಮಾನ್‌ಕೋಟೆ
24 ಅಕ್ಟೋಬರ್ 1939

ಮಗಳೇ,

ಅಳಿಯಂದಿರು ಕಲಿಯಲಿ. ಈ ಕಾಗದದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಹೊಗಳಿಕೊಳ್ಳುವುದೇ ಎಲ್ಲ.

ಹಗೇವು ಆಯಿತು. ಒಳಗೆ ಹುಲ್ಲು ಸುಟ್ಟು ಗೋಡೆ ಗಟ್ಟಿ ಮಾಡಿ, ಸುತ್ತ ಹುಲ್ಲು ಹಾಸಿ, ಪುಟ್ಟಪ್ಪನಿಂದ ತಂದ ರಾಗಿ ಸುರಿದೆ. ಮೇಲೆ ಬೇವಿನ ಸೊಪ್ಪು, ಬೂದಿ, ಚಪ್ಪಡಿ, ಮಣ್ಣು. ಬೀದಿಯ ಜನ ಬಂದು ನೋಡಿಕೊಂಡು ಹೋದರು. ಆಯುಧಪೂಜೆಯ ದಿನ ಮಗ್ಗಕ್ಕೆ ಕುಂಕುಮ ಇಟ್ಟ ಕೈಯಲ್ಲೇ ಚಪ್ಪಡಿಗೂ ಇಟ್ಟೆ.

ಅಡುಗೆಯ ಅಭ್ಯಾಸವೂ ನಡೆದಿದೆ. ನನ್ನದು ಯುದ್ಧಕಾಲೇ ಶಸ್ತ್ರಾಭ್ಯಾಸ. ಮಾರಿಯಮ್ಮ ಬಾಗಿಲಲ್ಲಿ ಕೂತು ಹೇಳುತ್ತಾಳೆ, ನಾನು ಮೆಣಸಿನ ಸಾರು ಕುದಿಸುತ್ತೇನೆ, ಬೆಳ್ಳುಳ್ಳಿ ಸುಡುತ್ತೇನೆ, ಓಮ ಹುರಿದು ಪುಡಿ ಮಾಡುತ್ತೇನೆ. ಮಾಡಿದ್ದನ್ನು ಎಸೆಯಲಾಗುತ್ತದೆಯೇ? ನಾನೇ ಉಣ್ಣುತ್ತೇನೆ, ಮೇಲೆ ತುಪ್ಪ ಹಾಕಿಕೊಂಡು. ಹೆರದೆಯೇ ಬಾಣಂತಿಯಾಗಿದ್ದೇನೆ. ಮೈ ಬಂದಿದೆ. ಮಗ್ಗದ ಗುಂಡಿಗೆ ಇಳಿಯುವಾಗ ಹೊಟ್ಟೆ ಹಲಗೆಗೆ ತಾಗುತ್ತದೆ. ಮೊನ್ನೆ ಮಾರಿಯಮ್ಮ, “ಅಣ್ಣಾ, ನಿಂಗ್ ಎಷ್ಟ್ ತಿಂಗ್ಳು?” ಅಂತ ಕೇಳಿದಳು.

ಈ ಸಲ ಮಳೆ ತಡ. ಒಣಗಾಳಿಗೆ ಮಗ್ಗದ ಮೇಲಿನ ಹಾಸಿನ ಎಳೆ ಪಟಪಟನೆ ಕಡಿದುಹೋಗುತ್ತಿತ್ತು. ಎಂದಿನಂತೆ ಮಗ್ಗದ ಗುಂಡಿಗೆ ಬೆಳಗ್ಗೆ ಸಂಜೆ ಕೊಡಗಟ್ಟಲೆ ನೀರು ಸುರಿದು ತಂಪು ಮಾಡಿಕೊಂಡು ನೇಯುತ್ತಿದ್ದೇನೆ. ಪುಟ್ಟಪ್ಪನ ಪಂಚೆ ಮುಗಿಯುತ್ತಾ ಬಂತು.

ತೊಟ್ಟಿಲಿಗೆ ಹಗ್ಗ ಹುರಿ ಮಾಡುತ್ತಿದ್ದಾಗ ನಿನ್ನ ಅಮ್ಮನ ನೆನಪಾಯಿತು. ಅವಳು ಹೋದಾಗ ನೀನು ಗೋಡೆ ಹಿಡಿದು ನಡೆಯುತ್ತಿದ್ದೆ. ಅವಳಿದ್ದಿದ್ದರೆ ನಾನು ಯಾರಿಗೂ ಏನನ್ನೂ ತೋರಿಸಿ ಒಪ್ಪಿಸಬೇಕಿರಲಿಲ್ಲ. ಗಾಡಿ ಕಟ್ಟಿಕೊಂಡು ಬಂದು, ಮಗಳನ್ನು ಕಳಿಸಿ ಅಂದರೆ ಆಗುತ್ತಿತ್ತು. ಅತ್ತುಬಿಟ್ಟೆ ರಾಜಾತಿ. ಮಗ್ಗ ಆಡಿಸುತ್ತಾ ಅತ್ತರೆ ಅನುಕೂಲ, ಪಕ್ಕದ ಮನೆಗೆ ಕೇಳುವುದಿಲ್ಲ.

ಬೀಗತಿಯವರು ಬರಲಿ. ಜೇಡ ಇಲ್ಲ.

ನಿನ್ನ ಅಪ್ಪ
ದಾಸಪ್ಪ


ಅದಿಯಮಾನ್‌ಕೋಟೆ
7 ನವೆಂಬರ್ 1939

ರಾಜಾತಿ,

ಇದು ಗಟ್ಟಿಯಾಗಿ ಓದುವ ಕಾಗದ ಅಲ್ಲ. ಅಳಿಯಂದಿರನ್ನೂ ದೂರ ಕಳಿಸಿ ಓದಿಕೋ.

ನಿನ್ನ ಅತ್ತೆಯೂ ಅಳಿಯಂದಿರೂ ಮೊನ್ನೆ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಬೀಗತಿ ನೀರಿನ ಮಡಕೆ ನೋಡಿದರು, ಮೂಲೆ ನೋಡಿದರು, ಒಲೆ ಹೊಗೆಯಾಡುತ್ತದೆಯೇ ಅಂತ ಸ್ವತಃ ಹಚ್ಚಿ ನೋಡಿದರು. ಓಮವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರು. ಹಳೆಯ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಮುಖ ಸಡಿಲವಾಗುತ್ತಾ ಬಂದಿತ್ತು. ಬಿಸಿನೀರಿನ ಹಂಡೆಯ ಹತ್ತಿರ ನಿಂತು, “ಪರವಾಯಿಲ್ಲ ಬೀಗರೇ” ಅಂದರು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನೀನು ಈಗ ಗಂಟು ಕಟ್ಟುತ್ತಿದ್ದೆ.

ಹಗೇವು ತೋರಿಸುತ್ತೇನೆ ಅಂತ ಚಪ್ಪಡಿ ಎತ್ತಿದೆ.

ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಬಿಸಿ ಉಸಿರಿನ ಹಾಗೆ ಹಬೆ ಬಂತು. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ದೀಪ ಇಳಿಸಿ ನೋಡಿದರೆ, ಮಗ್ಗದ ಕಡೆಯ ಗೋಡೆಗೆ ತಾಗಿದ್ದ ರಾಗಿಯೆಲ್ಲ ಬಿಳಿ ಬಿಳಿ ಮೊಳಕೆ. ಕೆಳಗೆ ಒಂದಷ್ಟು ಕಪ್ಪಾಗಿ ಹೋಗಿತ್ತು. ಅಳಿಯಂದಿರು ಒಂದು ಸಲ ಹಗೇವನ್ನು, ಒಂದು ಸಲ ಮಗ್ಗದ ಗುಂಡಿಯನ್ನು ನೋಡಿ ತಲೆ ಕೆಳಗೆ ಹಾಕಿಕೊಂಡರು. ನೇಯುವವರಲ್ಲವೇ, ಅವರಿಗೆ ಗೊತ್ತಾಗಿಬಿಟ್ಟಿತು. ನಾನು ಎಳೆ ಕಡಿಯದಿರಲಿ ಅಂತ ಗುಂಡಿಗೆ ಸುರಿದ ನೀರೆಲ್ಲ ಒಳಗೊಳಗೇ ಹರಿದು ರಾಗಿಗೆ ಸೇರಿದೆ. ನೆಲ ಮೆತ್ತಗಿದೆ ಅಂತ ಖುಷಿಪಟ್ಟು ತೋಡಿದೆನಲ್ಲ, ಅಷ್ಟು ವರ್ಷ ನಾನೇ ಸುರಿದ ನೀರಿಗೆ ಅದು ಮೆತ್ತಗಾಗಿತ್ತು. ನೂಲಿಗೆ ಯಾವುದು ಒಳ್ಳೆಯದೋ ಕಾಳಿಗೆ ಅದೇ ಕೆಟ್ಟದ್ದು ಅಂತ ಒಬ್ಬ ಒಕ್ಕಲಿಗನಿಗೆ ಹೊಳೆಯುತ್ತಿತ್ತು, ನಿನ್ನ ಅಪ್ಪನಿಗೆ ಹೊಳೆಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬೀಗತಿ ನಗುತ್ತಾರೆ ಅಥವಾ ಬೈಯುತ್ತಾರೆ ಅಂದುಕೊಂಡೆ. ಎರಡೂ ಇಲ್ಲ. “ಚಾಪೆ ಕೊಡಿ” ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ನಾನೂ ಅಳಿಯಂದಿರೂ ಬುಟ್ಟಿಯಲ್ಲಿ ಎತ್ತಿ ಎತ್ತಿ ಕೊಟ್ಟೆವು, ಅವರು ಕಪ್ಪಾದದ್ದು ಬೇರೆ, ಮೊಳಕೆ ಬೇರೆ, ಒಣಗಿದ್ದು ಬೇರೆ ಮಾಡಿ ಹರಡಿದರು. ಕತ್ತಲಾಗುವ ತನಕ ಇದೇ ಕೆಲಸ. ನಡುವೆ ಒಂದೇ ಒಂದು ಮಾತು ಕೇಳಿದರು. “ಇಷ್ಟೆಲ್ಲಾ ನೀವ್ ಒಬ್ರೇ ತೋಡಿದ್ರಾ ಬೀಗರೇ?” ಹೌದು ಅಂದೆ. ಮತ್ತೆ ಕಾಳು ಬೇರೆ ಮಾಡತೊಡಗಿದರು.

ಮಾರನೆಯ ಬೆಳಗ್ಗೆ ಬಸ್ಸು ಹತ್ತಿ ಹೋದರು. ಕಳಿಸುತ್ತೇನೆ ಅನ್ನಲಿಲ್ಲ, ಕಳಿಸುವುದಿಲ್ಲ ಅಂತಲೂ ಅನ್ನಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ. ಮನೆಯ ತುಂಬ ಮೊಳಕೆ ರಾಗಿ ಹಾಸಿಕೊಂಡು ಕೂತಿದ್ದೇನೆ. ಇವತ್ತು ಮಳೆ ಬೇರೆ ಶುರುವಾಯಿತು, ಒಣಗಿಸಲು ಬಿಸಿಲಿಲ್ಲ. ಒಲೆಯ ಹತ್ತಿರ ಸರಿಸಿ ಸರಿಸಿ ಆರಿಸುತ್ತಿದ್ದೇನೆ.

ಅವರು ಏನು ಹೇಳಿದರು ಅಂತ ಇದ್ದದ್ದು ಇದ್ದ ಹಾಗೆ ಬರೆ. ಬೇಡ ಅಂದಿದ್ದರೂ ಬರೆ. ನಿನಗೆ ಅಲ್ಲಿ ಒಳ್ಳೆಯ ಬಾಣಂತನವೇ ಆಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಸಾಮಾನನ್ನೆಲ್ಲ ಅಲ್ಲಿಗೇ ತಂದುಕೊಡುತ್ತೇನೆ.

ಅಪ್ಪ


ಗುಗೈ, ಸೇಲಂ
16 ನವೆಂಬರ್ 1939

ಅಪ್ಪಾ,

ಉಸಿರು ಬಿಗಿಹಿಡಿದು ಓದಬೇಡ. ನಾನು ಬರುತ್ತೇನೆ. ಎಂಟು ತುಂಬಿ ಒಂಬತ್ತು ಬಿದ್ದ ಕೂಡಲೇ, ಬಳೆ ತೊಡಿಸಿ ಕಳಿಸುತ್ತಾರೆ. ಮೊರಪ್ಪೂರಿನ ತನಕ ದೊಡ್ಡ ರೈಲು, ಅಲ್ಲಿಂದ ಧರ್ಮಪುರಿಗೆ ಸಣ್ಣ ರೈಲು. ಘಾಟಿಯಲ್ಲಿ ಬಸ್ಸು ಕುಲುಕುತ್ತದೆ, ಬೇಡ ಅಂತ ಅತ್ತೆಯೇ ಹೇಳಿದರು. ನೀನು ಧರ್ಮಪುರಿಗೆ ಗಾಡಿ ತಂದರೆ ಸಾಕು.

ಈಗ ಹೇಗಾಯಿತು ಅಂತ ಕೇಳು. ನಿಮ್ಮೂರಿಂದ ಬಂದ ಮೇಲೆ ಅತ್ತೆ ಬಾಣಂತನದ ಮಾತೇ ಎತ್ತಲಿಲ್ಲ. ನಿನ್ನ ಅಳಿಯ ನನಗೆ ಹಗೇವಿನ ಕಥೆ ಹೇಳಿದಾಗ, ಆಯಿತು, ಮುಗಿಯಿತು ಅಂತ ನಾನು ಅಟ್ಟದ ಕೆಳಗೆ ಕೂತು ಅತ್ತುಬಿಟ್ಟೆ. ದೀಪಾವಳಿಗೆ ಎಣ್ಣೆನೀರು ಹಾಕುವಾಗ ಅತ್ತೆ ನನ್ನ ತಲೆಗೆ ಎಣ್ಣೆ ಒತ್ತುತ್ತಾ ಇದ್ದಕ್ಕಿದ್ದ ಹಾಗೆ ಶುರು ಮಾಡಿದರು. ಅವರ ಬಾಯಿಂದ ಬಂದ ಹಾಗೇ ಬರೆಯುತ್ತೇನೆ.

“ನಮ್ಮವ್ವ ನಾನ್ ಚಿಕ್ಕೋಳಾಗಿದ್ದಾಗ್ಲೇ ತೀರ್ಕಂಡ್ಳು. ಚೊಚ್ಚಲಿಗೆ ನಮ್ಮಪ್ಪ ಕರ್ಯಕ್ ಬತ್ತಾನೆ ಅಂತ ಬಾಗ್ಲು ನೋಡ್ಕಂಡೇ ಇದ್ದೆ. ಬರ್ಲಿಲ್ಲ. ಎಣ್ಣಿಲ್ಲದ ಮನೆಗೆ ಎಂಗ್ ಕರ್ಕಂಡ್ ಬರ್ಲಿ ಅಂತ ಯೋಳಿ ಕಳಿಸ್ದ. ಒಂದ್ ಇಡಿ ಓಮಾನೂ ಕಳಿಸ್ಲಿಲ್ಲ. ಮಗ್ಗದ ತರಿಕುಳಿ ಪಕ್ಕದಾಗೇ ಎತ್ತೆ ನಿನ್ ಗಂಡನ್ನ. ಮೂರನೇ ದಿನಕ್ಕೇ ರಾಟೆ ಮುಂದೆ ಕುಂತೆ, ನೂಲು ಸುತ್ತೋರು ಬೇರೆ ಯಾರಿದ್ರು? ಮೆಣಸಿನ ಸಾರೂ ಇಲ್ಲ, ಬಿಸ್ನೀರೂ ಇಲ್ಲ. ನಮ್ಮಪ್ಪ ಅಂದ ಮಾತ್ನೇ ನಾನೂ ನಿಂಗ್ ಅಂದ್ಬುಟ್ಟೆ ನೋಡು. ನಿಮ್ಮಪ್ಪ ಎಣ್ಣಿಲ್ಲ ಅಂತ ಸುಮ್ಕಿರ್ಲಿಲ್ಲ. ನೆಲ ತೋಡವ್ರೆ. ತಪ್ಪಾಗ್ ತೋಡವ್ರೆ, ಆದ್ರೆ ತೋಡವ್ರೆ. ಓಗ್ಬಾ ಮಗ.”

ಈ ಬೀದಿಯಲ್ಲಿ ತವರಿಗೆ ಹೋಗದ ಹೆಣ್ಣು ಒಬ್ಬಳೂ ಇಲ್ಲ ಅಂತ ನಿನಗೆ ಬರೆದಿದ್ದೆನಲ್ಲ. ಇದ್ದರು, ನಮ್ಮ ಮನೆಯಲ್ಲೇ ಇದ್ದರು. ನನಗೆ ನಾಚಿಕೆಯಾಯಿತು. ತಿರುಗಿ ಅವರ ಎಣ್ಣೆಗೈ ಹಿಡಿದುಕೊಂಡೆ. “ಕಣ್ಗೆ ಎಣ್ಣೆ ಓಯ್ತದೆ, ಸುಮ್ನ್ ಕುಂತ್ಕೊ” ಅಂತ ತಲೆ ಮುಂದಕ್ಕೆ ತಳ್ಳಿದರು.

ಮೊಳಕೆ ಬಂದ ರಾಗಿಯನ್ನು ಒಂದು ಕಾಳೂ ಎಸೆಯಬಾರದಂತೆ. ಕೂಸಿಗೆ ಉಣಿಸುವ ಸರಿಹಿಟ್ಟು ಮಾಡುವುದಕ್ಕೆ ಜನ ರಾಗಿಯನ್ನು ಬೇಕಂತಲೇ ನೆನೆಸಿ ಮೊಳಕೆ ತರಿಸುತ್ತಾರೆ, ನಿನ್ನಪ್ಪ ಗುಂಡಿಗಟ್ಟಲೆ ತರಿಸಿದ್ದಾರೆ, ಊರಿನ ಕೂಸುಗಳಿಗೆಲ್ಲ ಆಗುತ್ತದೆ ಅಂದರು. ಇದನ್ನು ಹೇಳುವಾಗ ನಕ್ಕರು. ಚೆನ್ನಾಗಿ ಒಣಗಿದ್ದನ್ನು ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಇಡಬೇಕಂತೆ. ಕಪ್ಪಾದದ್ದು ಗೊಬ್ಬರಕ್ಕೆ.

ಅತ್ತೆಯ ಈ ಮಾತನ್ನು ನಿನಗೆ ಬರೆದಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ.

ಗಾಡಿಗೆ ಮೆತ್ತಗೆ ಹುಲ್ಲು ಹಾಕಿಸು.

ನಿನ್ನ
ರಾಜಾತಿ


ಅದಿಯಮಾನ್‌ಕೋಟೆ
30 ಡಿಸೆಂಬರ್ 1939

ನನ್ನವರಿಗೆ,

ಬಾಣಂತಿ ಕಣ್ಣಿಗೆ ಕೆಲಸ ಕೊಡಬಾರದು ಅಂತ ಮಾರಿಯಮ್ಮ ಬೈಯುತ್ತಾಳೆ. ಅವಳು ನೀರು ಸೇದಲು ಹೋದಾಗೆಲ್ಲ ಒಂದಿಷ್ಟು ಬರೆಯುತ್ತಿದ್ದೇನೆ. ನಿಮಗೆ ಕೂಡಿಸಿ ಓದಲು ಬರಲಿ ಅಂತ ದೊಡ್ಡ ದೊಡ್ಡ ಅಕ್ಷರ.

ಮಗಳು ಬಲು ಚೆನ್ನಾಗಿದ್ದಾಳೆ. ಹುಟ್ಟಿದ ಸುದ್ದಿ ನಿಮಗೆ ಬಸ್ಸಿನ ಕಂಡಕ್ಟರ್ ಮುನುಸ್ವಾಮಿಯಿಂದ ಮುಟ್ಟಿದ್ದು ಗೊತ್ತಾಯಿತು. ಮೂಗು ನಿಮ್ಮದು. ಅಳುವ ಗಂಟಲು ಯಾರದೋ ತಿಳಿಯದು, ಅಪ್ಪ ಮಗ್ಗ ನಿಲ್ಲಿಸಿ ಕೇಳುತ್ತಾ ಕೂರುತ್ತಾರೆ. ಹೆಂಗಸರೆಲ್ಲ ಸೇರಿ ಅವರ ಹಾಸಿಗೆಯನ್ನು ಜಗಲಿಗೆ ಎಸೆದಿದ್ದಾರೆ. ಹೊರಗೆ ಚಳಿ, ಆದರೆ ಅವರ ಮುಖದ ಮೇಲಿನ ನಗು ಮಾಸಿಲ್ಲ. ನನಗೆ ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಓಮವಂತೂ ನಮ್ಮ ಮಗಳ ಮಗಳ ಬಾಣಂತನಕ್ಕೂ ಆಗುವಷ್ಟಿದೆ.

ಈಗ ನಿಮ್ಮ ಅಮ್ಮನ ಸುದ್ದಿ. ಕೂಸಿನ ಮುಖ ನೋಡಿ ಮಾರನೆಯ ಬೆಳಗಿನ ಬಸ್ಸಿಗೆ ವಾಪಸ್ಸು ಬರುತ್ತೇನೆ ಅಂತ ನಿಮಗೆ ಹೇಳಿ ಬಂದಿದ್ದರಲ್ಲವೇ? ಬಂದರು, ಕೂಸನ್ನು ಎತ್ತಿಕೊಂಡರು, ಅದರ ಅಂಗಾಲನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಂದಿನಂತೆ ಅಡುಗೆಮನೆಗೆ ಹೋಗಿ ಮಡಕೆ ಮುಚ್ಚಳ ತೆಗೆದು ನೋಡಲು ಶುರು ಮಾಡಿದರು. ಅಪ್ಪ, ಆಚೆ ಬನ್ನಿ ಬೀಗತಿ, ಊಟಕ್ಕಾಯಿತು ಅಂತ ಕರೆದರು.

ಎರಡು ಎಲೆ ಹಾಕಿದ್ದರು. ಒಂದು ನನಗೆ. ಅದರ ಪಕ್ಕದಲ್ಲೇ ಇನ್ನೊಂದು. ಎರಡರಲ್ಲೂ ಹಳೆಯಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಹುರಿದ ಓಮದ ಪುಡಿ. ಒಂದಕ್ಕೂ ಇನ್ನೊಂದಕ್ಕೂ ಏನೂ ಭೇದವಿಲ್ಲ.

ಅತ್ತೆ ನಿಂತೇ ಇದ್ದರು. “ಇದೇನ್ ಬೀಗರೇ? ಇದು ಬಾಣಂತಿ ಊಟ. ನಂಗ್ ಮುದ್ದೆ ಸಾಕು.”

ಅಪ್ಪ ತಲೆ ಎತ್ತದೆ ತುಪ್ಪದ ಬಟ್ಟಲು ಹತ್ತಿರ ಸರಿಸಿ, “ಕೂತ್ಕಳಿ ಬೀಗತಿ. ನಿಮ್ದೊಂದು ಬಾಕಿ ಐತೆ” ಅಂದರು.

ಅತ್ತೆ ನನ್ನ ಮುಖ ನೋಡಿದರು. ಅವರ ಚೊಚ್ಚಲಿನ ಕಥೆಯನ್ನು ನಾನು ಅಪ್ಪನಿಗೆ ಬರೆದು ತಿಳಿಸಿದ್ದು ಅವರಿಗೆ ಗೊತ್ತಾಯಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೀರೆ ಸರಿಮಾಡಿಕೊಂಡು ಮೆಲ್ಲಗೆ ನನ್ನ ಪಕ್ಕದಲ್ಲಿ ಕೂತರು. ಮೊದಲನೆಯ ತುತ್ತು ಬಾಯಿಗಿಟ್ಟುಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು. ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ಕೊನೆಗೆ ಅತ್ತೆ, “ಸಾರ್ಗೆ ಉಪ್ಪು ಕಮ್ಮಿ ಬೀಗರೇ” ಅಂದರು. ಅಂದು, ಇನ್ನೊಂದು ಸೌಟು ಹಾಕಿಸಿಕೊಂಡರು.

ಮಾರನೆಯ ದಿನ ಬಸ್ಸು ಬಂದಾಗ ಮಾರಿಯಮ್ಮ ಅತ್ತೆಯ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಮುನುಸ್ವಾಮಿ ಹಾರ್ನ್ ಹೊಡೆಸಿ ಹೊಡೆಸಿ ಸಾಕಾಗಿ ಬಸ್ಸು ಬಿಡಿಸಿಕೊಂಡು ಹೋದ. ಅದರ ಮಾರನೆಯ ದಿನವೂ ಹಾಗೇ ಆಯಿತು. ನಿನ್ನೆ ನಾನೇ, ನಿಮ್ಮ ಮಗ ಕಾಯುತ್ತಿರುತ್ತಾರೆ, ಏನಂತ ಬರೆಯಲಿ ಅಂತ ಕೇಳಿದೆ. ಬಿಸಿನೀರು ಹುಯ್ಯಿಸಿಕೊಂಡು, ಸಾಂಬ್ರಾಣಿ ಹೊಗೆಗೆ ಕೂದಲು ಒಡ್ಡಿ, ಕೂಸನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿದ್ದರು. ಕಣ್ಣೂ ತೆರೆಯದೆ ಹೇಳಿದರು.

“ಯೋಳು ಅವ್ನಿಗೆ, ನಿಮ್ಮವ್ವ ತವರಿಗೆ ಓಗವಳೆ ಅಂತ.”

ಆದ್ದರಿಂದ ನೀವೂ ಮಾವನೂ ಅಡುಗೆ ಮಾಡಿಕೊಳ್ಳಬೇಕು. ತಿಳಿಯದಿದ್ದರೆ ಕೇಳಿ, ಅಪ್ಪ ಬರೆದು ಕಳಿಸುತ್ತಾರೆ. ಕೂಸನ್ನು ನೋಡಲು ಬರುವಾಗ ಅತ್ತೆಯ ಸೀರೆಗಳನ್ನು ಕಟ್ಟಿಕೊಂಡು ಬನ್ನಿ. ಅವರು ಉಟ್ಟ ಸೀರೆಯಲ್ಲೇ ಬಂದಿದ್ದಾರೆ.

ನಿಮ್ಮ
ರಾಜಾತಿ